ಹೊಲದ ಹಾದಿಯಿಂದ ಬರುವ ಹೃದಯಾಪತ್ತು



ಹೃದ್ರೋಗವೆಂದೊಡನೆ ಜನರ ಕಣ್ಣ ಮುಂದೆ ಬರುವ ಚಿತ್ರ ಒಂದೇ: ಪೇಟೆಯಲ್ಲಿ ಕುಳಿತು ಕೆಲಸ ಮಾಡುವ, ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇರುವ ನಡುವಯಸ್ಸಿನ ವ್ಯಕ್ತಿ. ಆ ಚಿತ್ರ ಸುಳ್ಳಲ್ಲ. ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸೇರಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುವುದೇ ಹೃದಯಾಘಾತದ ಸಾಮಾನ್ಯ ಕಾರಣ. ಬೀಡಿ, ತಂಬಾಕುಗಳ ಮೂಲಕ ಅದು ಹಳ್ಳಿಗಳಿಗೂ ಬಂದಿದೆ. ಆದರೆ ಡಂಬಳ, ಡೋಣಿ, ಹಿರೇವಡ್ಡಟ್ಟಿಗಳ ಹೊಲಗಳಲ್ಲಿ ದುಡಿಯುವವರ ಹೃದಯಕ್ಕೆ ಬೇರೆ ದಾರಿಗಳಿಂದಲೂ ಆಪತ್ತು ಬರಬಲ್ಲದು. ಕಲ್ಲಿನ ಕೆಳಗಿನ ಚೇಳು, ಬೆನ್ನಿಗೆ ಕಟ್ಟಿದ ಪಂಪಿನೊಳಗಿನ ಕೀಟನಾಶಕ, ಬೇಲಿಯಲ್ಲಿ ಅರಳಿದ ಹಳದಿ ಹೂವು, ಈ ಮೂರೂ ಹೃದಯದ ಬಡಿತವನ್ನು ಕೆಡಿಸಬಲ್ಲವು. ಹತ್ತು ವರ್ಷದ ಬಾಲಕನಿಗೆ ಹೃದಯದ ತೊಂದರೆಯಾದೀತೆಂದು ಯಾರೂ ಊಹಿಸುವುದಿಲ್ಲ. ಅಪಾಯವಿರುವುದು ಆ ಊಹಿಸದಿರುವುದರಲ್ಲಿಯೇ.

ಮೊದಲನೆಯದು ಕೆಂಪು ಚೇಳು. ಕರ್ನಾಟಕದ ಒಣಭೂಮಿ ಇದರ ನೆಲೆಗಳಲ್ಲೊಂದು. ಗಾತ್ರದಲ್ಲಿ ದೊಡ್ಡದಾಗಿ, ದಪ್ಪ ಇಕ್ಕಳಗಳಿಂದ ಭಯ ಹುಟ್ಟಿಸುವ ಕರಿಚೇಳಿಗಿಂತ, ತೆಳು ಇಕ್ಕಳಗಳ ಈ ಸಣ್ಣ ಚೇಳೇ ಹೆಚ್ಚು ವಿಷಕಾರಿ. ಕಲ್ಲಿನ ಒಡ್ಡು, ಕಟ್ಟಿಗೆಯ ರಾಶಿ, ಮೇವಿನ ಬಣವೆ, ಶೇಂಗಾ ಬಳ್ಳಿಯ ಗುಡ್ಡೆ ಇವೆಲ್ಲ ಅದರ ಅಡಗುತಾಣಗಳು. ಅದರ ವಿಷ ನರಗಳನ್ನು ಕೆರಳಿಸಿ, ಅಡ್ರಿನಲಿನ್‌ನಂತಹ ರಾಸಾಯನಿಕಗಳು ಒಮ್ಮೆಲೇ ರಕ್ತಕ್ಕೆ ಸುರಿಯುವಂತೆ ಮಾಡುತ್ತದೆ. ರಕ್ತನಾಳಗಳು ಬಿಗಿದುಕೊಳ್ಳುತ್ತವೆ, ರಕ್ತದೊತ್ತಡ ಏರುತ್ತದೆ, ಆ ಒತ್ತಡದ ವಿರುದ್ಧ ದುಡಿದು ದುಡಿದು ಹೃದಯ ಸೋಲುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ರೋಗಿ ಉಸಿರಾಡಲಾರದೆ ಒದ್ದಾಡುತ್ತಾನೆ.

ಈ ಸಂಗತಿಯನ್ನು ಹಳ್ಳಿಯ ಆಸ್ಪತ್ರೆಯಲ್ಲಿದ್ದುಕೊಂಡೇ ಲೋಕಕ್ಕೆ ತೋರಿಸಿಕೊಟ್ಟವರು ಮಹಾರಾಷ್ಟ್ರದ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್. ಕೊಂಕಣದ ರಾಯಗಡ ಜಿಲ್ಲೆಯಲ್ಲಿ ಚೇಳು ಕಡಿದವರ ಹಾಸಿಗೆಯ ಬಳಿ ರಾತ್ರಿಯೆಲ್ಲ ಕುಳಿತು ಅವರು ಲಕ್ಷಣಗಳನ್ನು ದಾಖಲಿಸಿದರು. ಅವರ ಬರಹ 1982ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ರಕ್ತದೊತ್ತಡಕ್ಕೆಂದು ಇದ್ದ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆ ಬಿಗಿದ ರಕ್ತನಾಳಗಳನ್ನು ಸಡಿಲಿಸಿ ಜೀವ ಉಳಿಸುತ್ತದೆಂದು ಅವರು ಕಂಡುಕೊಂಡರು. ಹಿಂದೆ ತೀವ್ರ ವಿಷಬಾಧೆಗೆ ಒಳಗಾದ ನೂರು ಜನರಲ್ಲಿ ಮೂವತ್ತು ನಲವತ್ತು ಮಂದಿ ಸಾಯುತ್ತಿದ್ದರು. ಈ ಚಿಕಿತ್ಸೆ ಬಂದ ಮೇಲೆ ಆ ಸಂಖ್ಯೆ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಚೇಳು ಕಡಿದಾಗ ಗಮನಿಸಬೇಕಾದದ್ದು ನೋವನ್ನಲ್ಲ. ಕಡಿದ ಜಾಗದಲ್ಲಿ ಉರಿ ಇದ್ದು ಬೇರೇನೂ ಇಲ್ಲದಿದ್ದರೆ ಸಾಮಾನ್ಯವಾಗಿ ಜೀವಭಯವಿರುವುದಿಲ್ಲ. ಮೈಯೆಲ್ಲ ಬೆವರುವುದು, ಮತ್ತೆ ಮತ್ತೆ ವಾಂತಿ, ಕೈಕಾಲು ತಣ್ಣಗಾಗುವುದು, ಎದೆ ಹೊಡೆದುಕೊಳ್ಳುವುದು, ಇವು ಕಂಡರೆ ವಿಷ ಹೃದಯವನ್ನು ತಲುಪಿದೆಯೆಂದೇ ತಿಳಿಯಬೇಕು. ಕೆಮ್ಮು, ಏದುಸಿರು, ಬಾಯಲ್ಲಿ ನೊರೆ ಬಂದರಂತೂ ಒಂದು ನಿಮಿಷವೂ ಕಾಯುವಂತಿಲ್ಲ. ಮಕ್ಕಳಿಗೆ ಅಪಾಯ ಹೆಚ್ಚು. ಆದ್ದರಿಂದ ಮಗುವಿಗೆ ಚೇಳು ಕಡಿದರೆ ಲಕ್ಷಣಕ್ಕಾಗಿ ಕಾಯದೆ ಆಸ್ಪತ್ರೆಗೆ ಒಯ್ಯುವುದೇ ವಿವೇಕ. ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಹಗ್ಗ ಕಟ್ಟುವುದು, ಬಾಯಿಂದ ಹೀರುವುದು ಸಲ್ಲದು. ಪ್ರಾಜೋಸಿನ್ ಕೂಡ ವೈದ್ಯರ ಕಣ್ಣೆದುರೇ ಕೊಡಬೇಕಾದ ಔಷಧ. ರೋಗಿ ತಟ್ಟನೆ ಎದ್ದು ನಿಂತರೆ ರಕ್ತದೊತ್ತಡ ಕುಸಿಯಬಹುದು.

ಎರಡನೆಯದು, ಈ ಭಾಗದ ರೈತರು ‘ಎಣ್ಣಿ’ ಎಂದು ಕರೆಯುವ ಕೀಟನಾಶಕ. ಆರ್ಗನೊಫಾಸ್ಫೇಟ್ ವರ್ಗದ ವಿಷಗಳು ನರದ ಸಂದೇಶವನ್ನು ಅಳಿಸುವ ಕಿಣ್ವವನ್ನು ಕಟ್ಟಿಹಾಕುತ್ತವೆ. ಆಗ ಜೊಲ್ಲು, ಕಣ್ಣೀರು, ಬೆವರು ಒಂದೇ ಸಮನೆ ಸುರಿಯುತ್ತವೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗುತ್ತದೆ, ನಾಡಿ ನಿಧಾನವಾಗಿ ಹೃದಯದ ಲಯ ತಪ್ಪಬಹುದು. ಇವು ಕುಡಿದರೆ ಮಾತ್ರ ಒಳಸೇರುವ ವಿಷಗಳಲ್ಲ, ಚರ್ಮದ ಮೂಲಕವೂ ಉಸಿರಿನ ಮೂಲಕವೂ ಸೇರುತ್ತವೆ. ಗಾಳಿಗೆ ಎದುರಾಗಿ, ಬರಿಮೈಯಲ್ಲಿ, ಸೋರುವ ಪಂಪು ಹೊತ್ತು ಸಿಂಪಡಿಸುವವನು ಅದನ್ನು ಇಡೀ ದಿನ ಮೈಯಲ್ಲಿ ಹೀರಿಕೊಳ್ಳುತ್ತಿರುತ್ತಾನೆ. ಅಸ್ವಸ್ಥನಾದವನ ಬಟ್ಟೆ ತೆಗೆದು, ಮೈಯನ್ನು ಸೋಪು ನೀರಿನಿಂದ ತೊಳೆಯಬೇಕು. ತೊಳೆಯುವವರು ತಮ್ಮ ಕೈಗೆ ಪ್ಲಾಸ್ಟಿಕ್ ಚೀಲವನ್ನಾದರೂ ಸುತ್ತಿಕೊಳ್ಳಬೇಕು. ವಾಂತಿ ಮಾಡಿಸಬಾರದು. ಡಬ್ಬಿಯನ್ನು ಆಸ್ಪತ್ರೆಗೆ ಒಯ್ಯಬೇಕು, ಏಕೆಂದರೆ ಅಟ್ರೋಪಿನ್ ಮುಂತಾದ ಮದ್ದನ್ನು ವೈದ್ಯರು ನಿರ್ಧರಿಸುವುದು ವಿಷದ ಹೆಸರು ತಿಳಿದಾಗ ಸುಲಭ. ಕೀಟದ ಸಂಖ್ಯೆ ನೋಡಿ, ಬೇವಿನ ಕಷಾಯ, ಮೋಹಕ ಬಲೆ, ಬೆಳೆ ಸರದಿಗಳಿಂದ ಸಿಂಪರಣೆಯನ್ನೇ ಕಡಿಮೆ ಮಾಡುವುದು ಹೃದಯಕ್ಕೂ ರಕ್ಷಣೆ.

ಮೂರನೆಯದು ಹಳದಿ ಕಣಗಿಲೆ. ದನ ಮುಟ್ಟುವುದಿಲ್ಲವೆಂದೇ ಇದನ್ನು ಬೇಲಿಗೆ ನೆಡುತ್ತಾರೆ. ಇದರ ಬೀಜದಲ್ಲಿರುವ ವಿಷ ಹೃದಯದ ಜೀವಕೋಶಗಳ ಸೋಡಿಯಂ ಪಂಪನ್ನು ತಡೆದು, ಬಡಿತವನ್ನು ನಿಧಾನಗೊಳಿಸಿ, ಲಯ ಕೆಡಿಸುತ್ತದೆ. 1785ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಇದೇ ಬಗೆಯ ವಸ್ತುವುಳ್ಳ ಮತ್ತೊಂದು ಗಿಡದಿಂದ ಹೃದ್ರೋಗದ ಔಷಧದ ವಿವರವನ್ನು ಪ್ರಕಟಿಸಿದರು. ಔಷಧಕ್ಕೂ ವಿಷಕ್ಕೂ ನಡುವಣ ಅಂತರ ಪ್ರಮಾಣದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದುದು. ಆ ಸಂಪತ್ತಿನ ಬಗೆಗಿನ ಗೌರವವೇ, ಆಪತ್ಕಾಲದಲ್ಲಿ ಬೇರು, ಸೊಪ್ಪುಗಳನ್ನು ಅರೆದು ಕುಡಿಸುತ್ತ ಹೊತ್ತು ಕಳೆಯಬಾರದೆಂದೂ ಹೇಳುತ್ತದೆ. ಮಕ್ಕಳು ಆಡುವಲ್ಲಿ ಈ ಗಿಡವಿದ್ದರೆ ಕೆಳಗೆ ಬಿದ್ದ ಕಾಯಿಗಳನ್ನು ಆಯ್ದು ತೆಗೆಯಬೇಕು. ದುಡುಕಿನ ಗಳಿಗೆಯಲ್ಲಿ ವಿಷಕ್ಕೆ ಕೈಹಾಕುವವರೂ ಉಂಟು. ಮನೆಯಲ್ಲಿ ಯಾರಾದರೂ ಮನನೊಂದು ಮೌನವಾಗಿದ್ದರೆ ಡಬ್ಬಿಗಳಿಗೆ ಬೀಗ ಹಾಕಿ, ಅವರ ಬಳಿ ಕುಳಿತು ಮಾತನಾಡಿಸಿ. 14416 ಸಂಖ್ಯೆಯ ಟೆಲಿ ಮಾನಸ್ ಉಚಿತ ಸೇವೆ ಹಗಲಿರುಳೂ ಇದೆ.

ಈ ಮೂರು ವಿಷಗಳ ದಾರಿ ಬೇರೆ, ಔಷಧ ಬೇರೆ. ಸಾಮಾನ್ಯ ಹೃದಯಾಘಾತದ್ದು ಮತ್ತೊಂದು ದಾರಿ. ಆದರೆ ಮನೆಯವರು ಮಾಡಬೇಕಾದ ಮೊದಲ ಕೆಲಸ ನಾಲ್ಕಕ್ಕೂ ಒಂದೇ. ತಣ್ಣನೆಯ ಬೆವರು, ವಾಂತಿ, ಎದೆಯ ಬಿಗಿತ, ತಲೆಸುತ್ತು ಕಂಡ ಕೂಡಲೇ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಯಂತ್ರವಿರುವ ಆಸ್ಪತ್ರೆಗೆ ಹೊರಡಬೇಕು. ವಿದ್ಯಾರ್ಥಿಗಳು ಗಡಿಯಾರ ಹಿಡಿದು ನಾಡಿ ಎಣಿಸಲು ಕಲಿಯಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿ ನಿಮಿಷಕ್ಕೆ 60ರಿಂದ 100. ಈ ಎಣಿಕೆಯನ್ನೂ, ತೊಂದರೆ ಆರಂಭವಾದ ಸಮಯವನ್ನೂ ಚೀಟಿಯಲ್ಲಿ ಬರೆದುಕೊಟ್ಟರೆ ವೈದ್ಯರಿಗೆ ದೊಡ್ಡ ನೆರವು.

ರೋಗಿ ಪ್ರಜ್ಞೆ ತಪ್ಪಿ, ಉಸಿರಾಟ ನಿಂತರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಎರಡೂ ಅಂಗೈ ಊರಿ, ಎರಡು ಅಂಗುಲ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು; ಆಂಬ್ಯುಲೆನ್ಸ್ ಬರುವವರೆಗೆ ಕೈ ಬದಲಿಸುತ್ತ ಮುಂದುವರಿಸಬೇಕು. ವಿಷದ ಸುಳಿವಿಲ್ಲದೆ ಎದೆನೋವು ಬಂದ ವಯಸ್ಕರಿಗೆ ಆಸ್ಪಿರಿನ್ ಅಗಿಯಲು ಕೊಡುವ ಪದ್ಧತಿ ಇದೆ. ರಕ್ತಸ್ರಾವದ ತೊಂದರೆ, ಅಲರ್ಜಿ ಇದ್ದವರಿಗೆ ಕೊಡಬಾರದು, ಆದ್ದರಿಂದ ಫೋನಿನಲ್ಲಿ ವೈದ್ಯರನ್ನು ಕೇಳಿಯೇ ಕೊಡಬೇಕು. ಹೆಪ್ಪು ಕರಗಿಸುವ ಚುಚ್ಚುಮದ್ದಿನ ಫಲ ಮೊದಲ ಗಂಟೆಗಳಲ್ಲೇ ಹೆಚ್ಚು. 2021ರಲ್ಲಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 2023ರಲ್ಲಿ ಆರಂಭವಾದ ‘ಹೃದಯ ಜ್ಯೋತಿ’ ಯೋಜನೆಯು, ತಾಲ್ಲೂಕು ಮಟ್ಟದಲ್ಲೇ ಇ.ಸಿ.ಜಿ. ತೆಗೆದು, ಜಯದೇವ ಸಂಸ್ಥೆಯಂತಹ ಕೇಂದ್ರದ ತಜ್ಞರ ಸಲಹೆ ಪಡೆದು, ಆ ಮದ್ದನ್ನು ಉಚಿತವಾಗಿ ಕೊಡುವ ಉದ್ದೇಶದ್ದು. ತಮ್ಮ ಆಸ್ಪತ್ರೆಯಲ್ಲಿ ಈ ಸೌಲಭ್ಯವೂ, ಪ್ರಾಜೋಸಿನ್, ಅಟ್ರೋಪಿನ್ ದಾಸ್ತಾನೂ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು ಜನರ ಹಕ್ಕು.

ಮುಂಡರಗಿಯಿಂದ ಗದಗಿಗೆ ಸುಮಾರು 40 ಕಿ.ಮೀ. ದಾರಿ. ಗುಡ್ಡದಂಚಿನ ಹಳ್ಳಿಗಳಿಂದ ಮುಖ್ಯ ರಸ್ತೆಗೆ ಬರುವುದಕ್ಕೇ ಸಮಯ ಬೇಕು. ಆ ದೂರವನ್ನು ಯಾರೂ ಕಡಿಮೆ ಮಾಡಲಾರರು. ಆದರೆ ‘ಬೆಳಗಾಗಲಿ, ನೋಡೋಣ’ ಎಂದು ಕಳೆಯುವ ರಾತ್ರಿಯನ್ನು ಉಳಿಸಬಹುದು. ರಾತ್ರಿ ಹೊರಡಲು ಒಪ್ಪುವ ವಾಹನ ಯಾರದ್ದು, ಚಾಲಕನ ಫೋನ್ ಸಂಖ್ಯೆ ಯಾವುದು ಎಂಬುದನ್ನು ಪ್ರತಿ ಓಣಿಯ ಗೋಡೆಯ ಮೇಲೆ ಈ ವಾರವೇ ಬರೆದಿಡಿ.