ಅಡಿಗೊಂದು ಅಂಗುಲ

ಅರಸೀಕೆರೆ ಎಂದೊಡನೆ ಕೇಳುವವರ ಮನಸ್ಸು ಹಾಸನದ ಸೀಮೆಗೆ, ಅಲ್ಲಿಯ ರೈಲಿನ ಜಂಕ್ಷನ್ನಿಗೆ, ಓಡುವುದು ಸಹಜ. ನಮ್ಮ ಅರಸೀಕೆರೆ ಅದಲ್ಲ. ಇದು ಹರಪನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಊರು. ೧೯೫೩ರವರೆಗೆ ಮದರಾಸಿನ ಆಡಳಿತದಲ್ಲಿದ್ದು, ಬಳಿಕ ಮೈಸೂರಿಗೆ ಸೇರಿ, ಬಳ್ಳಾರಿ, ದಾವಣಗೆರೆ, ಮರಳಿ ಬಳ್ಳಾರಿ ಎಂದು ಜಿಲ್ಲೆಯಿಂದ ಜಿಲ್ಲೆಗೆ ಹೋಗಿಬಂದು, ೨೦೨೧ರಿಂದ ವಿಜಯನಗರ ಜಿಲ್ಲೆಗೆ ಸೇರಿರುವುದು. ಇಂಥ ಊರಿನಲ್ಲಿ ಕುಳಿತು, ೧೯೨೯ರಲ್ಲಿ ಕಡಲಾಚೆಯ ಮೊನಾಕೋ ನಗರದ ಬೀದಿಗಳಲ್ಲಿ ಪಂದ್ಯಕ್ಕೆ ಓಡಿದ ಒಂದು ಮೋಟಾರಿನ ಪ್ರತಿಕೃತಿಯನ್ನು ನಾವು ಕಟ್ಟಿದೆವೆಂದರೆ, ನಗರವಾಸಿಗಳಾದ ತಾವು ನಗಬಹುದು. ಊರಿನವರೂ ನಕ್ಕರು. ಆಟದ ಸಾಮಾನಿಗೆ ಎರಡು ವರ್ಷವೇ ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರವನ್ನು ಅಲ್ಲಿಯೇ ಹೇಳಲಾಗಲಿಲ್ಲ. ಈಗ ಹೇಳಲು ಪ್ರಯತ್ನಿಸುತ್ತೇವೆ.

ನಾವೆಂದರೆ ಮೂರು ಮಂದಿ. ಶಾಲೆಯಲ್ಲಿ ಚಿತ್ರಕಲೆಯನ್ನು ಕಲಿಸಿ ನಿವೃತ್ತರಾದವರೊಬ್ಬರು, ಅಕ್ಕಸಾಲೆ ಕೆಲಸದವರೊಬ್ಬರು, ಒಂದು ಕಾಲದಲ್ಲಿ ಬಂಡಿಯ ಗಾಲಿ ಕಟ್ಟುತ್ತಿದ್ದ ಹಿರಿಯ ಬಡಗಿಯೊಬ್ಬರು. ಮೂವರಲ್ಲಿ ಯಾರೊಬ್ಬರೂ ಆ ಮೋಟಾರನ್ನು ಕಣ್ಣಾರೆ ಕಂಡವರಲ್ಲ. ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಲ್ಲಿಯೂ ಹಳೆಯ ಮೋಟಾರುಗಳ ಸಂಗ್ರಹಗಳುಂಟು. ಅಲ್ಲಿಗೆ ಹೋದುದು ಇದೇ ಮೋಟಾರನ್ನು ಅರಸಿಕೊಂಡಲ್ಲ. ಹಿತ್ತಾಳೆ, ಚರ್ಮ, ಬಣ್ಣ ಇವು ಎಂಬತ್ತು ತೊಂಬತ್ತು ವರ್ಷಗಳಲ್ಲಿ ಹೇಗೆ ಮುಪ್ಪಾಗುತ್ತವೆ ಎಂಬುದನ್ನು ಕಣ್ಣಿಗೆ ಅಭ್ಯಾಸ ಮಾಡಿಸುವುದಕ್ಕಾಗಿ.

ಮೋಟಾರಿನ ಹೆಸರು ಬುಗಾಟಿ. ಅದರ ಮೂವತ್ತೈದನೆಯ ಮಾದರಿ. ಅದನ್ನು ನಿರ್ಮಿಸಿದ ಎತ್ತೋರೆ ಬುಗಾಟಿಯು ೧೮೮೧ರಲ್ಲಿ ಇಟಲಿಯ ಮಿಲಾನಿನಲ್ಲಿ ಹುಟ್ಟಿದವನು. ತಂದೆ ಕಾರ್ಲೋ ಮರದ ಪೀಠೋಪಕರಣಗಳ ರಚನೆಯಲ್ಲಿ ಹೆಸರಾದವನು. ತಮ್ಮ ರೆಂಬ್ರಾಂಟ್ ಪ್ರಾಣಿಗಳ ವಿಗ್ರಹಗಳನ್ನು ಮಾಡಿದ ಶಿಲ್ಪಿ. ಇದನ್ನು ಕೇಳಿದ ನಮ್ಮ ಬಡಗಿಗಳಿಗೆ, ಅದುವರೆಗೆ ದೂರವಾಗಿದ್ದ ಆ ಮನುಷ್ಯನು ಒಮ್ಮೆಲೇ ತಮ್ಮ ಕುಲದವನಾಗಿ ಕಂಡನು. ಎತ್ತೋರೆಯು ೧೯೦೯ರಲ್ಲಿ ಆಲ್ಸೇಸ್ ಪ್ರಾಂತದ ಮೋಲ್ಸೈಮ್ ಎಂಬ ಊರಿನಲ್ಲಿ ಕಾರ್ಖಾನೆಯನ್ನು ತೆರೆದನು. ಮೂವತ್ತೈದನೆಯ ಮಾದರಿಯು ಮೊದಲು ಪಂದ್ಯಕ್ಕಿಳಿದುದು ೧೯೨೪ನೆಯ ಆಗಸ್ಟ್ ೩ರಂದು, ಫ್ರಾನ್ಸಿನ ಲಿಯೋನ್ ಬಳಿ. ಅಂದು ಟೈರುಗಳು ಕೈಕೊಟ್ಟು, ಗೆಲುವು ಆಲ್ಫಾ ರೋಮಿಯೋದ ಕಾಂಪಾರಿಯ ಪಾಲಾಯಿತು. ಆದರೆ ೧೯೨೫ರಿಂದ ೧೯೨೯ರವರೆಗೆ ಸಿಸಿಲಿ ದ್ವೀಪದ ತಾರ್ಗಾ ಫ್ಲೋರಿಯೋ ಪಂದ್ಯವನ್ನು ಬಿಡದೆ ಐದು ಸಲ ಗೆದ್ದುದು ಬುಗಾಟಿಯೇ. ೧೯೨೮ರ ಆ ಪಂದ್ಯದಲ್ಲಿ ಇದೇ ಮಾದರಿಯನ್ನು ನಡೆಸಿ ಐದನೆಯ ಸ್ಥಾನ ಪಡೆದಾಕೆ ಚೆಕೊಸ್ಲೊವಾಕಿಯಾದ ಎಲಿಷ್ಕಾ ಯುಂಕೋವಾ ಎಂಬ ಮಹಿಳೆ ಎಂಬುದನ್ನೂ ಹೇಳಿಬಿಡುವುದು ನ್ಯಾಯ.

ನಾವು ಆರಿಸಿಕೊಂಡ ಪ್ರಮಾಣ ಹನ್ನೆರಡರಲ್ಲಿ ಒಂದು. ಅಡಿಗೊಂದು ಅಂಗುಲ ಎಂದರೆ ಬಡಗಿಯ ಕೈಗೆ ಲೆಕ್ಕ ತಾನಾಗಿ ಬರುತ್ತದೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ ನಿಜವಾದ ಮೋಟಾರಿನಲ್ಲಿ ೨೪೦೦ ಮಿಲಿಮೀಟರು, ನಮ್ಮದರಲ್ಲಿ ೨೦೦. ಒಂದೊಂದು ಸಿಲಿಂಡರಿನ ಒಳ ಅಗಲ ೬೦ ಮಿಲಿಮೀಟರು, ನಮ್ಮದರಲ್ಲಿ ೫. ಇಲ್ಲಿಯವರೆಗೆ ಸುಲಭ. ತೊಡಕು ಬರುವುದು ದಪ್ಪದಲ್ಲಿ. ಒಂದು ಮಿಲಿಮೀಟರು ದಪ್ಪದ ತಗಡನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದು ಬರೆಯುವ ಕಾಗದಕ್ಕಿಂತ ತೆಳುವಾದುದು. ಕುಂಚದಿಂದ ಬಳಿದ ಬಣ್ಣ ಮಿಲಿಮೀಟರಿನ ಹತ್ತರಲ್ಲೊಂದು ಭಾಗ ದಪ್ಪವಾದರೂ, ಅದು ನಿಜವಾದ ಮೋಟಾರಿನ ಮೇಲೆ ಮಿಲಿಮೀಟರಿಗೂ ಮಿಕ್ಕ ಗಾರೆಯನ್ನು ಮೆತ್ತಿದಂತೆ. ತೂಕದ ವಿಷಯ ಇನ್ನೂ ವಿಚಿತ್ರ. ಉದ್ದ ಹನ್ನೆರಡರಲ್ಲೊಂದಾದರೆ ತೂಕವು ಹನ್ನೆರಡನ್ನು ಮೂರು ಸಲ ಗುಣಿಸಿದ ೧೭೨೮ರಲ್ಲಿ ಒಂದಾಗುತ್ತದೆ. ಏಳುನೂರೈವತ್ತು ಕಿಲೋಗ್ರಾಮಿನ ಆಸುಪಾಸಿನ ಮೋಟಾರು ನಾನೂರ ಮೂವತ್ತನಾಲ್ಕು ಗ್ರಾಮಿನಷ್ಟು ತೂಗಬೇಕು. ನಮ್ಮದು, ತವರದ ಗಾಲಿಗಳ ದೆಸೆಯಿಂದ, ಆರುನೂರನ್ನು ದಾಟಿತು. ಕೈಯಲ್ಲಿ ಹಿಡಿದವರಿಗೆ ಈ ಭಾರ ಹಿತವಾಗಿಯೇ ತೋರುತ್ತದೆಂಬುದು ಬೇರೆ ಮಾತು.

ಮೈಯ ತಗಡಿನ ಕೆಲಸ ಅಕ್ಕಸಾಲೆಯವರದು. ಬಡಗಿಗಳು ಹಾಲೆಮರದಲ್ಲಿ ಮೋಟಾರಿನ ಮೈಯನ್ನು ಗಟ್ಟಿಯಾಗಿ ಕಡೆದುಕೊಟ್ಟರು. ಅದರ ಮೇಲೆ ತೆಳುವಾದ ತಾಮ್ರದ ತಗಡನ್ನಿಟ್ಟು, ಕಾಯಿಸಿ ಮೆದುಮಾಡಿ, ಕೊಂಬಿನ ಸುತ್ತಿಗೆಯಿಂದ ಮೆಲ್ಲಮೆಲ್ಲನೆ ಬಡಿದು ಕೂರಿಸಿದರು. ದೇವರ ಮೂರ್ತಿಗೆ ಬೆಳ್ಳಿಯ ಕವಚವನ್ನು ಮಾಡುವವರಿಗೆ ಇದು ಹೊಸ ವಿದ್ಯೆಯಲ್ಲ. ಹಾಲೆಮರವೇ ಏಕೆಂದರೆ, ಅದರ ಎಳೆ ಬಹು ಸಣ್ಣದು. ಚನ್ನಪಟ್ಟಣದವರು ಗೊಂಬೆಗಳಿಗೆ ಅದನ್ನು ಆರಿಸಿಕೊಂಡುದು ಸುಮ್ಮನೆ ಅಲ್ಲ. ತೇಗದ ಎಳೆ ಚೆಂದವೆನಿಸಿದರೂ ಈ ಪ್ರಮಾಣದಲ್ಲಿ ಅದು ಗದ್ದೆಯ ಉಳುಮೆಯ ಸಾಲಿನಂತೆ ಕಾಣುತ್ತದೆ. ಚಾಲಕನ ಮುಂದಿನ ಫಲಕದ ಮೇಲೆ, ಒಂದರ ಮೇಲೊಂದು ಹತ್ತಿದ ಸಣ್ಣ ಸಣ್ಣ ವೃತ್ತಗಳ ಹೊಳಪಿನ ಗುರುತು ಬುಗಾಟಿಯ ವಿಶೇಷ. ಅದಕ್ಕೆ ಬಿದಿರುಕಡ್ಡಿಯ ತುದಿಗೆ ಕುರುಂದದ ಪುಡಿಯನ್ನು ಅಂಟಿಸಿ ತಿರುಗಿಸಿದೆವು. ಬಾನೆಟ್ಟನ್ನು ಬಿಗಿಯುವ ಪಟ್ಟಿಗೆ ಪುಸ್ತಕದ ರಟ್ಟು ಕಟ್ಟುವವರು ಹೆರೆದು ತೆಳುಮಾಡುವ ಮೇಕೆಯ ಚರ್ಮ ಒದಗಿತು. ಮೈಯನ್ನು ಹಿಡಿದ ತಿರುಪುಗಳು ಪಂದ್ಯದ ಅದುರಿಗೆ ಸಡಿಲವಾಗದಿರಲೆಂದು ಅವುಗಳ ತಲೆಗಳಿಗೆ ರಂಧ್ರ ಕೊರೆದು ಸಣ್ಣ ತಂತಿಯನ್ನು ಪೋಣಿಸುವ ಪದ್ಧತಿ ಅಲ್ಲಿಯದು. ಅಕ್ಕಸಾಲೆಯವರು ತಂತಿಯನ್ನು ತೂತುಪಟ್ಟಿಯಲ್ಲಿ ಎಳೆದೆಳೆದು ತಲೆಗೂದಲಿನಷ್ಟಕ್ಕೆ ತಂದು ಪೋಣಿಸಿದರು. ನೋಡುವವರಲ್ಲಿ ನೂರಕ್ಕೊಬ್ಬರು ಅದನ್ನು ಗಮನಿಸುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ತಿಂದುದು ಗಾಲಿ. ಚಿತ್ರಗಳನ್ನು ಹರಡಿದ ದಿನವೇ ಬಡಗಿಗಳು, “ಮೈಯೆಲ್ಲ ಆಮ್ಯಾಕ ನೋಡೋಣು ಮೇಷ್ಟ್ರೇ, ಮದ್ಲು ಅಚ್ಚು ಎಲ್ಲೈತಿ ತೋರಿಸ್ರಿ” ಎಂದಿದ್ದರು. ಇದು ಬರಿಯ ಕಸುಬಿನ ಹಟವಲ್ಲ. ನಮ್ಮ ಸೀಮೆಯಲ್ಲಿ ಕೊಟ್ಟೂರಿನ ತೇರನ್ನು ಕಾಣದವರಿಲ್ಲ. ೨೦೧೭ನೆಯ ಫೆಬ್ರವರಿ ೨೧ರಂದು ಆ ತೇರು ಎಳೆಯುತ್ತಿರುವಾಗಲೇ ಸಹಸ್ರಾರು ಜನರ ಕಣ್ಣೆದುರು ಉರುಳಿಬಿದ್ದಿತು. ಅನಂತರ ಹೊಸ ತೇರನ್ನೇ ಕಟ್ಟಬೇಕಾಯಿತು. ಅಂದಿನಿಂದ ಈ ಕಡೆ ಗಾಲಿಯ ಮಾತು ಬಂದರೆ ಯಾರೂ ಹಗುರವಾಗಿ ಆಡುವುದಿಲ್ಲ.

ಬಂಡಿಯ ಗಾಲಿಯಲ್ಲಿ ಗುಂಬ ಬೇರೆ, ಅರೆಕಾಲು ಬೇರೆ, ಸುತ್ತಿನ ಮರ ಬೇರೆ. ಇವೆಲ್ಲವನ್ನೂ ಒಂದಾಗಿ ಬಿಗಿಯುವುದು ಕೆಂಪಗೆ ಕಾಯಿಸಿ ತೊಡಿಸಿ ನೀರು ಹುಯ್ಯುವ ಕಬ್ಬಿಣದ ಹಳಿ. ಬುಗಾಟಿಯು ಮಾಡಿದುದು ಇದರ ತಿರುವುಮುರುವು. ಎಂಟು ಚಪ್ಪಟೆ ಅರೆಕಾಲುಗಳು, ನಡುವಿನ ಗುಂಬ, ಬ್ರೇಕಿನ ಡ್ರಮ್ಮು, ಇಷ್ಟನ್ನೂ ಅಲ್ಯುಮಿನಿಯಮ್ಮಿನಲ್ಲಿ ಒಂದೇ ಎರಕವಾಗಿ ಹುಯ್ದನು. ಗಾಲಿಯನ್ನು ಕಳಚಿದರೆ ಬ್ರೇಕಿನ ಒಳಗೆಲ್ಲ ಕಣ್ಣಿಗೆ ಬೀಳುತ್ತದೆ. ಬ್ರೇಕಿನ ಕಾವನ್ನು ಗಾಳಿಗೆ ಬಿಡುವ ಕೆಲಸವನ್ನೂ ಅರೆಕಾಲುಗಳೇ ಮಾಡುತ್ತವೆ. ನಮ್ಮ ಹಿರಿಯರು ಈ ಚಿತ್ರವನ್ನು ಬಹಳ ಹೊತ್ತು ನೋಡಿ, ಸಂದು ಇಲ್ಲದ ಗಾಲಿಯನ್ನು ಒಪ್ಪುವುದು ಕಷ್ಟವೆಂದರೂ, ಮರುದಿನವೇ ಹಾಲೆಮರದಲ್ಲಿ ಅಚ್ಚಿನ ಗಾಲಿಯನ್ನು ಕೆತ್ತಲು ತೊಡಗಿದರು. ಸುಮಾರು ಎರಡೂಕಾಲು ಅಂಗುಲದ ಆ ಗಾಲಿಯಲ್ಲಿ ಅರೆಕಾಲುಗಳು ಗುಂಬದಿಂದ ಹೊರಡುವ ಕಡೆ ಅಗಲ, ದಪ್ಪ, ಬಾಗು ಮೂರೂ ಒಟ್ಟಿಗೆ ಬದಲಾಗುತ್ತವೆ. ಒಂದು ಗಾಲಿಯನ್ನು ಕೆತ್ತಿ ಅದರಿಂದಲೇ ನಾಲ್ಕನ್ನೂ ಬಿಡಿಗಾಲಿಯನ್ನೂ ತವರದಲ್ಲಿ ಎರಕ ಹುಯ್ದೆವು. ಮುಂದಿನ ಅಚ್ಚಿನದು ಇನ್ನೊಂದು ಸೊಗಸು. ಅದು ಒಳಗೆ ಟೊಳ್ಳಾದ ಉಕ್ಕಿನ ದಂಡ. ಸ್ಪ್ರಿಂಗುಗಳನ್ನು ಅದಕ್ಕೆ ಕಟ್ಟುವುದರ ಬದಲು, ಅಚ್ಚಿನಲ್ಲಿಯೇ ಚೌಕದ ಕಿಂಡಿಗಳನ್ನು ತೆರೆದು ಅವುಗಳ ಮೂಲಕ ಹಾಯಿಸಿದ್ದಾರೆ. ಈ ಒಂದು ಭಾಗವನ್ನು ಮಾತ್ರ ನಾವು ಬಣ್ಣ ಬಳಿಯದೆ ಉಕ್ಕಿನಲ್ಲಿಯೇ ಮಾಡಿ, ಕನ್ನಡಿಯಂತೆ ಉಜ್ಜಿದೆವು.

ಇಷ್ಟಾದ ಮೇಲೆ ಎದುರಾದುದು ಕೈಕೆಲಸದ ಪ್ರಶ್ನೆಯಲ್ಲ. ಯಾವ ದಿನದ ಮೋಟಾರು? ಒಂದು ಪಂದ್ಯದ ಮೋಟಾರಿಗೆ ಹತ್ತು ಜನ ಯಜಮಾನರು. ಪ್ರತಿಯೊಬ್ಬನೂ ಏನನ್ನೋ ತೆಗೆದು ಏನನ್ನೋ ಕೂಡಿಸಿರುತ್ತಾನೆ. ಈ ತೊಡಕು ನಮ್ಮ ಜಿಲ್ಲೆಗೆ ಹೊಸದಲ್ಲ. ಹಂಪೆಯ ವಿಠಲನ ಗುಡಿಯ ಕಲ್ಲಿನ ರಥವನ್ನು ತಾವೆಲ್ಲ ನೋಡಿದ್ದೀರಿ. ಐವತ್ತು ರೂಪಾಯಿಯ ನೋಟಿನ ಮೇಲಾದರೂ ನೋಡಿದ್ದೀರಿ. ಅದೂ ಮರದ ತೇರಿನ ಪ್ರತಿಕೃತಿಯೇ. ೧೮೫೬ರಲ್ಲಿ ಗ್ರೀನ್‌ಲಾ ಎಂಬ ಅಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ; ಇಂದು ಇಲ್ಲ. ಮುಂದಿರುವ ಆನೆಗಳು ಮೊದಲಿನವಲ್ಲ. ಅಲ್ಲಿದ್ದ ಕುದುರೆಗಳ ಹಿಂಗಾಲುಗಳ ಗುರುತು ಈಗಲೂ ಉಳಿದಿದೆ. ಅಂಗಡಿಗಳಲ್ಲಿ ಮಾರುವ ಪುಟ್ಟ ರಥಗಳೆಲ್ಲ ಇಂದಿನ ರೂಪದವು. ಅವು ಸುಳ್ಳಲ್ಲ, ಆದರೆ ವಿಜಯನಗರದ ಶಿಲ್ಪಿಯು ಕಂಡ ರಥವೂ ಅಲ್ಲ.

ಆದುದರಿಂದ ನಾವು ಒಂದು ದಿನವನ್ನು ಗೊತ್ತುಮಾಡಿಕೊಂಡೆವು: ೧೯೨೯ನೆಯ ಏಪ್ರಿಲ್ ೧೪, ಮೊನಾಕೋದ ಮೊತ್ತಮೊದಲ ಗ್ರ್ಯಾನ್ ಪ್ರೀ ಪಂದ್ಯ. ಊರಿನ ಬೀದಿಗಳಲ್ಲಿಯೇ ನೂರು ಸುತ್ತು. ಯಾರು ಮುಂದೆ ನಿಲ್ಲಬೇಕೆಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಜರ್ಮನಿಯ ಕಾರಾಚ್ಯೋಲಾ ಏಳು ಲೀಟರಿನ ದೊಡ್ಡ ಬಿಳಿಯ ಮರ್ಸಿಡಿಸ್ಸಿನಲ್ಲಿ ಹಿಂದಿನಿಂದ ಬಂದು ಮೂರನೆಯವನಾದನು. ಗೆದ್ದವನು ವಿಲಿಯಮ್ಸ್ ಎಂಬ ಹೆಸರಿನಲ್ಲಿ ಓಡಿಸಿದ ವಿಲಿಯಮ್ ಗ್ರೋವರ್. ಅವನದು ಸೂಪರ್ ಚಾರ್ಜರು ಕೂಡಿಸಿದ ೨೨೬೨ ಘನ ಸೆಂಟಿಮೀಟರಿನ ಬುಗಾಟಿ. ಫ್ರಾನ್ಸಿನ ಮೋಟಾರುಗಳಿಗೆ ನೀಲಿ, ಇಂಗ್ಲೆಂಡಿನವಕ್ಕೆ ಹಸಿರು ಎಂಬುದು ಆ ಕಾಲದ ಪಂದ್ಯಗಳ ನಿಯಮ. ಇಂಗ್ಲಿಷ್ ತಂದೆಗೆ ಫ್ರಾನ್ಸಿನಲ್ಲಿ ಹುಟ್ಟಿದ ಗ್ರೋವರನ ಮೋಟಾರು ಫ್ರಾನ್ಸಿನದು, ಬಣ್ಣ ಹಸಿರು.

ಯಾವ ಹಸಿರು? ಛಾಯಾಚಿತ್ರಗಳೆಲ್ಲ ಕಪ್ಪುಬಿಳುಪು, ಅವುಗಳಲ್ಲಿ ಎಲ್ಲ ಹಸಿರೂ ಬೂದಿಯೇ. ಆ ಕಾಲದ ಫಿಲ್ಮುಗಳಲ್ಲಿ ಹಲವು ಕೆಂಪನ್ನು ಕಪ್ಪಾಗಿಯೂ ನೀಲಿಯನ್ನು ತೀರ ಬೆಳ್ಳಗಾಗಿಯೂ ತೋರಿಸುತ್ತಿದ್ದುದರಿಂದ, ಬೂದಿಯ ಮಟ್ಟವನ್ನು ನೋಡಿ ಲೆಕ್ಕ ಹಾಕುವುದೂ ನೆಚ್ಚತಕ್ಕುದಲ್ಲ. ಇನ್ನೊಂದು ಸೂಕ್ಷ್ಮವುಂಟು: ದೊಡ್ಡ ಮೈಮೇಲೆ ಸರಿಯೆನಿಸುವ ಬಣ್ಣ ಪುಟ್ಟ ಮೈಮೇಲೆ ಕಪ್ಪೇರಿ ಕಾಣುತ್ತದೆ, ಆದಕಾರಣ ಪ್ರತಿಕೃತಿ ಮಾಡುವವರು ಒಂದಿಷ್ಟು ಬಿಳಿಯನ್ನು ಬೆರಸುತ್ತಾರೆ. ಅಕ್ಕಸಾಲೆಯವರು ಮಾವಿನೆಲೆಯ ಬಲಿತ ಹಸಿರೇ ಆಗಲೆಂದರು. ಬಡಗಿಗಳು ಹುಣಸೆಯ ಚಿಗುರು ಮಾಗಿದ ಬಣ್ಣವನ್ನು ಹಿಡಿದರು. ಹನ್ನೊಂದು ತಗಡಿನ ಚೂರುಗಳಿಗೆ ಹನ್ನೊಂದು ಹಸಿರನ್ನು ಬಳಿದು ಬಿಸಿಲಿನಲ್ಲಿಟ್ಟು ನೋಡಿ, ಮಾವಿನೆಲೆಯ ಕಡೆಗೇ ವಾಲಿದೆವು. ಇದು ನಮ್ಮ ಊಹೆ. ಪ್ರತಿಕೃತಿಯ ಕೆಳಗಿನ ಹಲಗೆಯಲ್ಲಿ ಹಾಗೆಂದೇ ಕೊರೆದಿದೆ.

ಆಸನದಲ್ಲಿ ಒಂದು ಬೊಂಬೆಯನ್ನು ಕೂರಿಸುವ ವಿಚಾರದಲ್ಲಿ ನಮ್ಮೊಳಗೆ ವಾದವೇ ನಡೆಯಿತು. ಚಾಲಕನಿಲ್ಲದ ಪಂದ್ಯದ ಮೋಟಾರು ಉತ್ಸವಮೂರ್ತಿಯಿಲ್ಲದ ತೇರಿನಂತೆ ಎಂಬುದು ಅಕ್ಕಸಾಲೆಯವರ ಮತ. ಆಗ ಗ್ರೋವರನ ಕಥೆಯ ಉಳಿದ ಭಾಗವನ್ನು ಹೇಳಬೇಕಾಯಿತು. ಎರಡನೆಯ ಮಹಾಯುದ್ಧದಲ್ಲಿ ಅವನು ಇಂಗ್ಲೆಂಡಿನ ಗುಪ್ತದಳವನ್ನು ಸೇರಿ, ಜರ್ಮನರು ಆಕ್ರಮಿಸಿದ್ದ ಫ್ರಾನ್ಸಿನಲ್ಲಿ ಇಳಿದು, ಹಳೆಯ ಪಂದ್ಯದ ಗೆಳೆಯ ರೊಬೇರ್ ಬೆನ್ವಾನೊಡನೆ ಕೆಲಸ ಮಾಡಿದನು. ೧೯೪೩ರಲ್ಲಿ ಸಿಕ್ಕಿಬಿದ್ದನು. ಬೆನ್ವಾನನ್ನು ೧೯೪೪ರಲ್ಲಿ ಬುಖೆನ್‌ವಾಲ್ಡಿನಲ್ಲಿಯೂ ಗ್ರೋವರನನ್ನು ೧೯೪೫ರಲ್ಲಿ ಸಾಕ್ಸೆನ್‌ಹೌಸೆನ್ನಿನಲ್ಲಿಯೂ ಕೊಂದರು. ಕೇಳಿ ಅಕ್ಕಸಾಲೆಯವರು ಸುಮ್ಮನಾದರು. ಅಷ್ಟು ಪುಟ್ಟ ತಲೆಯ ಮೇಲೆ ಆ ಮುಖವನ್ನು ಬರೆಯಲು ಯಾರಿಗೂ ಮನಸ್ಸಾಗಲಿಲ್ಲ. ಆಸನ ಬರಿದಾಗಿಯೇ ಇದೆ. ಚರ್ಮದ ಮೇಲೆ ಮಾತ್ರ ಕುಳಿತೆದ್ದವನ ತಗ್ಗನ್ನು ಒತ್ತಿದ್ದೇವೆ.

ಈ ಕೆಲಸದಲ್ಲಿ ನಮ್ಮನ್ನು ಬೆರಗುಗೊಳಿಸಿದುದು ಇನ್ನೊಂದಿದೆ. ಆ ಮೋಟಾರಿನ ಅಳತೆಗಳಿಗೆ ಬರವಿಲ್ಲ. ಬುಗಾಟಿಯು ತನ್ನ ಬೋಲ್ಟುಗಳ ತಲೆಯನ್ನು ಚೌಕವಾಗಿ ಮಾಡಿಸುತ್ತಿದ್ದನೆಂಬುದು ಕೂಡ ದಾಖಲೆಯಾಗಿದೆ. ಅರ್ಜೆಂಟೀನಾದಲ್ಲಿ ಅದನ್ನು ಪೂರ್ಣಪ್ರಮಾಣದಲ್ಲಿಯೇ ಹೊಸದಾಗಿ ಮಾಡುವವರಿದ್ದಾರೆ. ಒಂದು ಸಂಜೆ ಬಡಗಿಗಳು ನಕ್ಷೆಗಳ ಕಟ್ಟನ್ನು ಮಡಿಸುತ್ತ, ತಾವು ಕಟ್ಟುತ್ತಿದ್ದ ಬಂಡಿಯ ಗಾಲಿಗೆ ಇಂಥ ಕಾಗದ ಎಲ್ಲಿದೆ ಎಂದು ಕೇಳಿದರು. ನಮ್ಮಲ್ಲಿ ಇರಲಿಲ್ಲ. ಈ ಸೀಮೆಯ ಬಂಡಿಗಳಿಗೆ ರಬ್ಬರಿನ ಟೈರು ಬಂದು ಬಹಳ ವರ್ಷಗಳಾದವು. ಮರದ ಗಾಲಿಯ ಬಂಡಿಗಳಲ್ಲಿ ಹೆಚ್ಚಿನವು ಸೌದೆಯಾದವು. ಗುಂಬಕ್ಕೆ ಅರೆಕಾಲನ್ನು ಎಷ್ಟು ಓರೆಯಾಗಿ ಕೂರಿಸಬೇಕು, ಹಳಿಯನ್ನು ಮರದ ಸುತ್ತಿಗಿಂತ ಎಷ್ಟು ಬೆರಳು ಕಿರಿದು ಮಾಡಿದರೆ ಕಾದು ತಣಿದಾಗ ಮರ ಸೀಳದೆ ಬಿಗಿಯುತ್ತದೆ ಎಂಬುದೆಲ್ಲ ಅವರ ಕೈಯಲ್ಲಿ ಮಾತ್ರ ಇದೆ. ಅವರಿಗೆ ಎಪ್ಪತ್ತೊಂಬತ್ತು ವರ್ಷ.

ಊರ ಹೊರಗಿನ ಒಂದು ಕಣದಲ್ಲಿ ಹಳೆಯ ಬಂಡಿಯೊಂದು ಜಾಲಿಯ ಮರಕ್ಕೆ ಒರಗಿಕೊಂಡು ಉಳಿದಿದೆ. ಒಂದು ಗಾಲಿ ಪೂರ್ತಿ, ಇನ್ನೊಂದು ಅರ್ಧ. ಕಳೆದ ತಿಂಗಳಿನಿಂದ ಮೂವರೂ ಬೆಳಗಿನ ಹೊತ್ತು ಅಲ್ಲಿಗೆ ಹೋಗಿ ಅದರ ಅಳತೆಗಳನ್ನು ತೆಗೆಯುತ್ತಿದ್ದೇವೆ. ಗಾಲಿಗೆ ಹನ್ನೆರಡು ಅರೆಕಾಲು. ಗುಂಬ ಒಂದು ಕಡೆ ಗೆದ್ದಲು ತಿಂದಿರುವುದರಿಂದ ಅದರ ಸುತ್ತಳತೆಯನ್ನು ದಾರ ಹಿಡಿದು ಮೂರು ಕಡೆ ನೋಡಬೇಕಾಯಿತು. ಪ್ರಮಾಣ ಅದೇ, ಅಡಿಗೊಂದು ಅಂಗುಲ. ಹಳಿಯನ್ನು ಕಾಯಿಸಿಯೇ ತೊಡಿಸಬೇಕೆಂದು ಹಿರಿಯರು ಪಟ್ಟುಹಿಡಿದಿದ್ದಾರೆ. ಅಷ್ಟು ಸಣ್ಣ ಹಳಿ ಇಕ್ಕಳದಲ್ಲಿ ಹಿಡಿದೊಡನೆ ಆರಿಹೋಗುವುದರಿಂದ, ಅಕ್ಕಸಾಲೆಯವರು ಊದುಗೊಳವೆಯನ್ನು ಹಿಡಿದು ಪಕ್ಕದಲ್ಲೇ ಕುಳಿತಿರಬೇಕಾಗುತ್ತದೆ.