ಚೆಟ್ಟಳ್ಳಿಯ ಕೆಂಪು ಮಣ್ಣಿಗೆ ಎಂಥ ಪಿನ್‌ಪಾಯಿಂಟರ್ ಬೇಕು?

ಇವತ್ತು ಮಾತಾಡೋಣ ಅಂತಿರೋದು ಟಾರ್ಚ್‌ನಷ್ಟು ದೊಡ್ಡ ಒಂದು ಸಾಧನದ ಬಗ್ಗೆ: ಪಿನ್‌ಪಾಯಿಂಟರ್. ಮೆಟಲ್ ಡಿಟೆಕ್ಟರ್ ಹವ್ಯಾಸ ಶುರು ಮಾಡಿರೋರು, ಅದರಲ್ಲೂ ಚೆಟ್ಟಳ್ಳಿ ಕಡೆಯ ಕಾಫಿ ತೋಟದವರು, ದುಡ್ಡು ಹಾಕೋ ಮುಂಚೆ ಇದನ್ನ ಕೇಳಿ.

ಕೊಯ್ಲಿನ ಸಮಯ ಅಂದ್ಕೊಳ್ಳಿ. ಹಣ್ಣು ಬಿಡಿಸುವಾಗ ಉಂಗುರ ಜಾರಿ ಗಿಡದ ಬುಡಕ್ಕೆ ಬಿತ್ತು. ಮೇಲೆ ತರಗೆಲೆ, ಕೆಳಗೆ ಸಡಿಲ ಮಣ್ಣು. ದೊಡ್ಡ ಡಿಟೆಕ್ಟರ್ ‘ಇಲ್ಲೆಲ್ಲೋ ಇದೆ’ ಅನ್ನುತ್ತೆ. ಆದರೆ ಅದರ ಕಾಯಿಲ್ ಊಟದ ತಟ್ಟೆಯಷ್ಟು ಅಗಲ. ಅಷ್ಟಗಲಕ್ಕೂ ಗುದ್ದಲಿ ಹಾಕಿದರೆ ಗಿಡದ ಗತಿ? ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಅಡಿ ಮಣ್ಣಲ್ಲೇ ಇರುತ್ತವೆ. ಪಿನ್‌ಪಾಯಿಂಟರ್ ಇದ್ದರೆ ಅಂಗೈಯಗಲ ಕೆದಕಿದರೆ ಸಾಕು. ಅದು ನೋಡೋದು ಕೆಲವೇ ಸೆಂಟಿಮೀಟರ್ ದೂರ. ಹತ್ತಿರ ಹೋದಷ್ಟೂ ಬೀಪ್ ಅಥವಾ ವೈಬ್ರೇಷನ್ ಜೋರಾಗುತ್ತೆ.

ಹಾಗಾದ್ರೆ ಆರಿಸೋವಾಗ ಏನು ನೋಡಬೇಕು?

ಮೊದಲನೆಯದು, ಮಣ್ಣು. ನಮ್ಮ ಕೆಂಪು ಮಣ್ಣು, ಜಂಬಿಟ್ಟಿಗೆ ಕಲ್ಲು, ಎರಡರಲ್ಲೂ ಕಬ್ಬಿಣದ ಅಂಶ ಇದೆ. ಸೆನ್ಸಿಟಿವಿಟಿ ಜಾಸ್ತಿ ಇಟ್ಟರೆ ಬರೀ ಮಣ್ಣಿಗೇ ಬೀಪ್ ಹೊಡೆಯಬಹುದು. ಅದಕ್ಕೇ ರೀಟ್ಯೂನ್ ಅನ್ನೋ ಸೌಲಭ್ಯ ಇರಲೇಬೇಕು: ತುದಿಯನ್ನ ಬರೀ ಮಣ್ಣಿಗೆ ತಾಗಿಸಿ ಬಟನ್ ಒತ್ತಿದರೆ, ಆ ಮಣ್ಣನ್ನೇ ಸೊನ್ನೆ ಅಂತ ತಗೊಳ್ಳುತ್ತೆ. ಸೆನ್ಸಿಟಿವಿಟಿ ಕಡಿಮೆ ಮಾಡೋ ಹಂತಗಳೂ ಬೇಕು. ಡಬ್ಬದ ಮೇಲೆ ಬರೆದಿರೋ ದೂರ ಎಷ್ಟು ಅನ್ನೋದಕ್ಕಿಂತ ಇದು ಮುಖ್ಯ.

ಎರಡನೆಯದು, ನೀರು. ಕೊಡಗಿನ ಮಳೆ ಗೊತ್ತಲ್ಲ! ಅಗ್ಗದ ಕೆಲವು ಮಾದರಿಗಳಲ್ಲಿ ತುದಿಗೆ ಮಾತ್ರ ರಕ್ಷಣೆ ಇರುತ್ತೆ, ಬ್ಯಾಟರಿ ಮುಚ್ಚಳದಿಂದ ನೀರು ಒಳಗೆ ಹೋಗುತ್ತೆ. ಗ್ಯಾರೆಟ್ ಪ್ರೋ-ಪಾಯಿಂಟರ್ ಎಟಿ ಥರದ್ದು 20 ಅಡಿ ನೀರಿನ ತನಕ ತಡೆಯುತ್ತೆ. ಅದಕ್ಕೆ ಬೇಕಾದ 9 ವೋಲ್ಟ್ ಬ್ಯಾಟರಿ ಪೇಟೆಯಲ್ಲಿ ಸಿಗುತ್ತೆ.

ಮೂರನೆಯದು, ಕಬ್ಬಿಣಕ್ಕೆ ಬೇರೆ ಸದ್ದು. ಮೈನ್‌ಲ್ಯಾಬ್ ಪ್ರೋ-ಫೈಂಡ್ 35ರಲ್ಲಿ ಇದಿದೆ. ಬೇಲಿ ತಂತಿ, ಮೊಳೆ ತುಂಬಿರೋ ಜಾಗದಲ್ಲಿ ಸಮಯ ಉಳಿಯುತ್ತೆ. ಬಣ್ಣ ಮಾತ್ರ ಕಿತ್ತಳೆಯಂಥ ಎದ್ದು ಕಾಣೋದೇ ಇರಲಿ. ತರಗೆಲೆ ಮಧ್ಯೆ ಕಪ್ಪು ಪಿನ್‌ಪಾಯಿಂಟರನ್ನ ಹುಡುಕೋಕೆ ಇನ್ನೊಂದು ಬೇಕಾದೀತು!

ಅಂಗಡಿಯವರು ಗಾಳಿಯಲ್ಲಿ ನಾಣ್ಯ ಹಿಡಿದು ತೋರಿಸಿದರೆ ಒಪ್ಪಿಬಿಡಬೇಡಿ. ನಿಮ್ಮ ತೋಟದ ಒಂದು ಬುಟ್ಟಿ ಮಣ್ಣಲ್ಲಿ ಉಂಗುರ ಹೂತಿಟ್ಟು ನೋಡಿ, ಆಮೇಲೆ ತೆಳ್ಳಗಿನ ಸರ. ಸರ ಉಂಗುರದಷ್ಟು ಸುಲಭಕ್ಕೆ ಸಿಗಲ್ಲ, ಯಾಕಂದ್ರೆ ಸಾಧನಕ್ಕೆ ಅದರ ಒಂದೊಂದು ಕೊಂಡಿಯೂ ಬೇರೆ ಬೇರೆ ಸಣ್ಣ ಚೂರಿನ ಹಾಗೆ ಕಾಣುತ್ತೆ. ಹಿಂದಿರುಗಿಸೋ ಅವಧಿ ಮುಗಿಯೋದ್ರೊಳಗೆ ಈ ಪರೀಕ್ಷೆ ಮಾಡಿ.

ಕೊನೆಯದಾಗಿ, ಎಲ್ಲಿ ಬಳಸಬಾರದು? ಕೊಡಗಿನಲ್ಲಿ ಪಾಂಡವರ ಪಾರೆ ಅಂತ ಕರೆಯೋ ಬೃಹತ್ ಶಿಲಾಯುಗದ ಕಲ್ಲು ಗೋರಿಗಳಿವೆ, ದೇವರಕಾಡುಗಳಿವೆ. ಅಲ್ಲಿ ಕೈ ಹಾಕಲೇಬೇಡಿ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಅಗೆಯೋದು 1958ರ ಕಾಯ್ದೆ ಪ್ರಕಾರ ಅಪರಾಧ. ಬೇರೆಯವರ ತೋಟಕ್ಕೆ ಹೋಗೋದಾದ್ರೆ ಮಾಲೀಕರ ಒಪ್ಪಿಗೆ ಬೇಕು. ನಿಮ್ಮದೇ ಜಮೀನಲ್ಲಿ ಹಳೇ ನಾಣ್ಯದ ಗಡಿಗೆ ಸಿಕ್ಕರೂ ‘ನನ್ನ ಜಮೀನು, ನನ್ನ ನಿಧಿ’ ಅನ್ನೋ ಹಾಗಿಲ್ಲ. ನಿಧಿ ಕಾಯ್ದೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ಅಂಥದ್ದು ಕಂಡರೆ ಅಲ್ಲಿಗೇ ಅಗೆಯೋದು ನಿಲ್ಲಿಸಿ. ಯಾವ ಆಳದಲ್ಲಿ, ಯಾವುದರ ಪಕ್ಕ ಇತ್ತು ಅನ್ನೋದೇ ಇತಿಹಾಸಕಾರರಿಗೆ ಸಾಕ್ಷಿ. ಕಿತ್ತು ತೆಗೆದ ಮೇಲೆ ಅದು ಮತ್ತೆ ಸಿಗಲ್ಲ.

ಕಳೆದುಹೋದ ಉಂಗುರ ಹುಡುಕಿ ಕೊಡಿ, ತೆಗೆದ ಗುಂಡಿ ಮುಚ್ಚಿ, ಮೇಲೆ ತರಗೆಲೆ ಹರಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.