ಗುರುವಿಲ್ಲದ ಕಾಕ್‌ಪಿಟ್



ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರನ್ನು ಮೊದಲ ಬಾರಿಗೆ ತೆರೆದವನ ಪಾಡನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಪರದೆಯ ತುಂಬ ಗಡಿಯಾರದಂಥ ಮಾಪಕಗಳು, ಸಾಲು ಸಾಲು ಗುಂಡಿಗಳು. ಯಾವುದನ್ನು ಒತ್ತಿದರೆ ಎಂಜಿನ್ ಶುರುವಾಗುತ್ತದೆ ಎಂಬುದೇ ತಿಳಿಯದು. ಹೇಗೋ ಮೇಲೇರಿದರೆ ಶತ್ರು ಕಾಣುವ ಮೊದಲೇ ವಿಮಾನ ನೆಲಕ್ಕೆ ಅಪ್ಪಳಿಸಿರುತ್ತದೆ. ಅಪ್ಪಳಿಸದೆ ಉಳಿದರೂ ಸುಖವಿಲ್ಲ. ಹೊಡೆದವರು ಯಾರು, ಎಲ್ಲಿಂದ ಹೊಡೆದರು ಎಂದು ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹತ್ತು ಸಲ ಹೀಗಾದ ಮೇಲೆ 'ಇದು ನಮ್ಮಂಥವರಿಗಲ್ಲ' ಎಂದು ಕೈಬಿಡುವವರೇ ಹೆಚ್ಚು.

ಇದು ಬುದ್ಧಿಯ ಕೊರತೆಯೆ? ಅಲ್ಲ. ವಿಮಾನ ಹಾರಿಸಲು ಕಲಿಸುವ ವಿದ್ಯೆಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅದನ್ನು ತಿರುವಿ ನೋಡಿದರೆ ಈ ಸೋಲಿನ ಕಾರಣ ಬೇರೆಯೇ ಎಂದು ಗೊತ್ತಾಗುತ್ತದೆ.

ಇಂಥ ಕಡೆ ಎಲ್ಲರೂ ಬಳಸುವ ಮಾತೊಂದಿದೆ: ಕಲಿಕೆಯ ರೇಖೆ ಬಹಳ ಕಡಿದು ಎಂದು. ಈ ರೇಖೆಗೂ ವಿಮಾನಕ್ಕೂ ಹಳೆಯ ನಂಟು. 1936ರಲ್ಲಿ ಅಮೆರಿಕದ ಎಂಜಿನಿಯರ್ ಟಿ. ಪಿ. ರೈಟ್ ವಿಮಾನ ಕಾರ್ಖಾನೆಗಳ ಲೆಕ್ಕ ತೆಗೆದು, ತಯಾರಾದ ವಿಮಾನಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಒಂದೊಂದಕ್ಕೆ ತಗಲುವ ಶ್ರಮ ನೂರಕ್ಕೆ ಸುಮಾರು 20ರಷ್ಟು ಇಳಿಯುತ್ತದೆ ಎಂದು ತೋರಿಸಿದ. ಮಾಡುತ್ತ ಮಾಡುತ್ತ ಕೈ ಪಳಗುತ್ತದೆ ಎಂಬ ಮಾತಿಗೆ ಅದು ಗಣಿತದ ರೂಪ. ನಿಜಕ್ಕೂ ಕಲಿತದ್ದನ್ನು ನಕ್ಷೆಯಲ್ಲಿ ಬರೆದರೆ ಕಡಿದಾದ ಗೆರೆ ಎಂದರೆ ಬೇಗ ಕಲಿತರು ಎಂದೇ ಅರ್ಥ. ಆಡುಮಾತಿನಲ್ಲಿ ಅದು ಹತ್ತಲಾಗದ ಬೆಟ್ಟ ಎಂದಾಯಿತು. ಬೆಟ್ಟಕ್ಕೆ ಮೆಟ್ಟಿಲು ಕಡಿಯುವವರು ಯಾರು ಎಂಬುದೇ ಇಲ್ಲಿನ ಪ್ರಶ್ನೆ.

ನೆಲ ಬಿಡದೆ ಹಾರಲು ಕಲಿಸುವ ಯಂತ್ರಗಳಲ್ಲಿ ಮೊದಲು ಹೆಸರು ಮಾಡಿದ್ದು ಸಂಗೀತ ವಾದ್ಯಗಳ ಕಾರ್ಖಾನೆಯಲ್ಲಿ ಹುಟ್ಟಿದ ಯಂತ್ರ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿ ಪಿಯಾನೊ ಮತ್ತು ಆರ್ಗನ್ ತಯಾರಿಸುತ್ತಿದ್ದ ಕುಟುಂಬದ ಎಡ್ವಿನ್ ಲಿಂಕ್‌ಗೆ ಹಾರಾಟದ ಹುಚ್ಚು. ಪಾಠದ ಶುಲ್ಕವೋ ವಿಪರೀತ. ಹಾರ್ಮೋನಿಯಮ್ಮಿನ ತಿದಿ ಕಂಡವರಿಗೆ ಅವನ ಉಪಾಯ ಸುಲಭವಾಗಿ ಅರ್ಥವಾದೀತು. ಗಿಡ್ಡ ರೆಕ್ಕೆಯ ಮರದ ಪೆಟ್ಟಿಗೆಯೊಂದನ್ನು ಆರ್ಗನ್ನಿನ ತಿದಿಗಳ ಮೇಲೆ ಕೂರಿಸಿದ. ಒಳಗೆ ಕುಳಿತವನು ಕೋಲನ್ನು ಅಲುಗಿಸಿದಂತೆ ತಿದಿಗಳಿಗೆ ಗಾಳಿ ಹೋಗಿ ಬಂದು ಪೆಟ್ಟಿಗೆ ವಾಲುತ್ತಿತ್ತು, ತಿರುಗುತ್ತಿತ್ತು. 1929ರ ಹೊತ್ತಿಗೆ ಯಂತ್ರ ಸಿದ್ಧವಾಯಿತು. ಆದರೆ ಮೊದಲ ಗಿರಾಕಿಗಳಲ್ಲಿ ಹೆಚ್ಚಿನವರು ಜಾತ್ರೆಯಂಥ ವಿನೋದ ತಾಣಗಳವರು. ಸೈನ್ಯ ಅದನ್ನು ಆಟಿಕೆ ಎಂದೇ ಬಗೆಯಿತು.

ಆ ಭಾವನೆ ಬದಲಾಗಲು ಸಾವುಗಳೇ ಆಗಬೇಕಾಯಿತು. 1934ರ ಫೆಬ್ರುವರಿಯಲ್ಲಿ ಅಮೆರಿಕದಲ್ಲಿ ವಿಮಾನದ ಅಂಚೆ ಸಾಗಿಸುವ ಕೆಲಸ ಸೈನ್ಯದ ಪಾಲಿಗೆ ಬಂತು. ರಾತ್ರಿ, ಹಿಮ, ಮಂಜು. ಮಾಪಕ ನೋಡಿ ಹಾರುವ ಅಭ್ಯಾಸ ಸಾಲದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಒಬ್ಬರ ಹಿಂದೆ ಒಬ್ಬರು ಸತ್ತರು. ಅದೇ ವರ್ಷ ಸೈನ್ಯ ಲಿಂಕ್‌ನ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಂದಿ ಆ ನೀಲಿ ಪೆಟ್ಟಿಗೆಯಲ್ಲಿ ಕುಳಿತು ಎದ್ದಿದ್ದರು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಪೆಟ್ಟಿಗೆಯ ಪಕ್ಕದಲ್ಲಿ ಒಂದು ಮೇಜು, ಮೇಜಿನ ಬಳಿ ಒಬ್ಬ ಶಿಕ್ಷಕ. ಮೇಜಿನ ಮೇಲಿನ ನಕ್ಷೆಯಲ್ಲಿ 'ಏಡಿ' ಎಂಬ ಅಡ್ಡಹೆಸರಿನ ಪುಟ್ಟ ಮೂರು ಗಾಲಿಯ ಸಾಧನ ಹರಿದಾಡುತ್ತ, ವಿದ್ಯಾರ್ಥಿ ಹಾರಿದ ದಾರಿಯನ್ನು ಮಸಿಯಲ್ಲಿ ಗೀಚುತ್ತಿತ್ತು. ಪಾಠ ಮುಗಿದ ಮೇಲೆ ಗುರು ಶಿಷ್ಯರಿಬ್ಬರೂ ಆ ಗೆರೆ ನೋಡಿ, ಎಲ್ಲಿ ದಾರಿ ತಪ್ಪಿತು ಎಂದು ಚರ್ಚಿಸುತ್ತಿದ್ದರು. ಯಂತ್ರ ತಪ್ಪು ಮಾಡಲು ಬಿಡುತ್ತಿತ್ತು. ಆ ತಪ್ಪನ್ನು ಪಾಠವಾಗಿಸುತ್ತಿದ್ದವನು ಶಿಕ್ಷಕ.

ಮುಂದೆ ಯಂತ್ರ ಮನೆಗೆ ಬಂತು. 1980ರ ಹೊತ್ತಿಗೆ ಬ್ರೂಸ್ ಆರ್ಟ್‌ವಿಕ್ ಎಂಬಾತ ಆಪಲ್ ಕಂಪ್ಯೂಟರಿಗೆ ಬರೆದ ಫ್ಲೈಟ್ ಸಿಮ್ಯುಲೇಟರಿನಲ್ಲೇ ಮೊದಲ ಮಹಾಯುದ್ಧದ ಕಾಳಗವೊಂದು ಸೇರಿತ್ತು. 1987ರ ಫಾಲ್ಕನ್ ಎಫ್-16 ವಿಮಾನವನ್ನು ಮೇಜಿನ ಮೇಲಕ್ಕೆ ತಂದಿತು. 1998ರ ಫಾಲ್ಕನ್ 4.0 ಜೊತೆಗೆ ಐನೂರು ಪುಟ ಮೀರಿದ ಕೈಪಿಡಿ ಬಂತು. 2011ರಲ್ಲಿ ಡಿಸಿಎಸ್ ಸರಣಿಯಲ್ಲಿ ಹೊರಬಂದ ಎ-10ಸಿ ವಿಮಾನದ ಕೈಪಿಡಿಗೆ ಆರುನೂರಕ್ಕೂ ಹೆಚ್ಚು ಪುಟ. ಹೀಗೆ ಕಾಕ್‌ಪಿಟ್ ಬಂತು, ಪುಸ್ತಕ ಬಂತು. ಮೇಜಿನ ಬಳಿಯ ಆ ಶಿಕ್ಷಕ ಮಾತ್ರ ಬರಲಿಲ್ಲ. ಹೊಸಬನ ಕಷ್ಟದ ಮೂಲ ಇದೇ. ಆಟದೊಳಗೆ ಪಾಠಗಳಿಲ್ಲವೆಂದಲ್ಲ; ಆದರೆ ಯಾವುದು ಮೊದಲು, ಯಾವುದು ಆಮೇಲೆ, ಇವತ್ತಿಗೆ ಎಷ್ಟು ಸಾಕು ಎಂದು ಹೇಳುವವರಿಲ್ಲ. ಸಂಗೀತ ಕಲಿಯುವ ಮಗುವಿಗೆ ಸರಳೆ, ಜಂಟಿ, ಅಲಂಕಾರ ದಾಟಿದ ಮೇಲೆ ಕೀರ್ತನೆ. ಇಲ್ಲಿ ಮೊದಲ ದಿನವೇ ಕಛೇರಿ.

ಹಾಗಾದರೆ ಕಲಿಯುವವನು ತನಗೆ ತಾನೇ ಶಿಕ್ಷಕನಾಗಬೇಕು. ಅದಕ್ಕೆ ಬೇಕಾದ ಮೆಟ್ಟಿಲುಗಳನ್ನು ನಿಜವಾದ ಪೈಲಟ್‌ಗಳು ಬಹಳ ಬೆಲೆ ತೆತ್ತು ಕಟ್ಟಿಟ್ಟಿದ್ದಾರೆ.

ಮೊದಲನೆಯದು, ಯುದ್ಧವನ್ನು ಬದಿಗಿಟ್ಟು ಬರೀ ಹಾರುವುದು. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದು ಗಾಳಿಗೆ ತಕ್ಕ ಕೋನದಲ್ಲಿ ಇರುವವರೆಗೆ ಮಾತ್ರ. ಹೊಸಬ ಗಾಬರಿಯಲ್ಲಿ ಕೋಲನ್ನು ಎಳೆದಷ್ಟೂ ಆ ಕೋನ ಹೆಚ್ಚಿ, ಒಂದು ಹಂತದಲ್ಲಿ ರೆಕ್ಕೆ ಕೈಕೊಡುತ್ತದೆ. ಇದಕ್ಕೆ ಸ್ಟಾಲ್ ಎನ್ನುತ್ತಾರೆ. ಎತ್ತರ ಕಳೆಯದೆ 60 ಡಿಗ್ರಿ ವಾಲಿ ತಿರುಗುವಾಗ ರೆಕ್ಕೆ ಹೊರಬೇಕಾದ ಭಾರ ಎರಡರಷ್ಟಾಗುತ್ತದೆ. ಸ್ಟಾಲ್ ಆಗುವ ವೇಗವೂ ನೂರಕ್ಕೆ ಸುಮಾರು 40ರಷ್ಟು ಏರುತ್ತದೆ. 'ಸುಮ್ಮನೆ ತಿರುಗಿದೆ, ಬಿದ್ದುಹೋಯಿತು' ಎನ್ನುವವನ ಒಗಟಿಗೆ ಉತ್ತರ ಇಲ್ಲಿದೆ.

ಎರಡನೆಯದು, ಬೇಕೆಂದೇ ಬೀಳುವುದು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಎಳೆಯ ಪೈಲಟ್‌ಗಳು ಕೆಲವೇ ಗಂಟೆಗಳ ತರಬೇತಿ ಪಡೆದು ರಣರಂಗಕ್ಕೆ ಹೋಗಿ ಸಾಯುತ್ತಿದ್ದರು. 1917ರಲ್ಲಿ ಗಾಸ್‌ಪೋರ್ಟ್‌ನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿ ಪಾಠದ ಕ್ರಮವನ್ನೇ ತಿರುಗಿಸಿದ. ಅಪಾಯವನ್ನು ತಪ್ಪಿಸುವ ಬದಲು, ಗುರು ಜೊತೆಗಿರುವಾಗಲೇ ವಿಮಾನವನ್ನು ಗಿರಕಿ ಹೊಡೆಸಿ, ಅದರಿಂದ ಹೊರಬರುವುದನ್ನು ಕಲಿಸಿದ. ಕಂಪ್ಯೂಟರಿನ ಮುಂದೆ ಕುಳಿತವನಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಎತ್ತರಕ್ಕೆ ಹೋಗಿ ಇಪ್ಪತ್ತು ಸಲ ಬಿದ್ದು ಎದ್ದವನಿಗೆ ಬೀಳುವ ಭಯ ಹೋಗುತ್ತದೆ.

ಮೂರನೆಯದು ಪಟ್ಟಿ. 1935ರ ಅಕ್ಟೋಬರ್ 30ರಂದು ಬೋಯಿಂಗ್ ಕಂಪನಿಯ ಹೊಸ ಬಾಂಬರ್ ವಿಮಾನ ಮೇಲೇರುತ್ತಲೇ ಬಿದ್ದು ಇಬ್ಬರು ಸತ್ತರು. ನಡೆಸುತ್ತಿದ್ದವರು ನುರಿತವರೇ. ಗಾಳಿಗೆ ಬಾಲದ ಹಲಗೆಗಳು ಹೊಡೆದಾಡದಂತೆ ಹಾಕಿದ್ದ ಬೀಗವನ್ನು ತೆಗೆಯಲು ಮರೆತಿದ್ದರು, ಅಷ್ಟೆ. ನೆನಪನ್ನು ನಂಬದೆ ಬರೆದ ಪಟ್ಟಿಯನ್ನು ಓದಿ ಕೆಲಸ ಮಾಡುವ ಪದ್ಧತಿ ಬೇರೂರಿದ್ದು ಆ ಅಪಘಾತದಿಂದ. ನೂರಾರು ಗುಂಡಿಗಳನ್ನು ಬಾಯಿಪಾಠ ಮಾಡಹೊರಟು ಸೋಲುವ ಹೊಸಬ ಇದನ್ನು ತಿಳಿದಿರಬೇಕು. ಚೀಟಿ ನೋಡಿ ಎಂಜಿನ್ ಶುರು ಮಾಡುವುದು ನಾಚಿಕೆಯಲ್ಲ, ಅದೇ ವೃತ್ತಿಧರ್ಮ.

ಕಾಳಗ ಬರುವುದು ಇವೆಲ್ಲ ಆದ ಮೇಲೆ. ಜರ್ಮನಿಯ ಆಸ್ವಾಲ್ಡ್ ಬೋಲ್ಕೆ 1916ರಲ್ಲಿ ಕಿರಿಯರಿಗಾಗಿ ಬರೆದುಕೊಟ್ಟ ನಿಯಮಗಳು ಎಂಟೇ ಎಂಟು. ಸೂರ್ಯನನ್ನು ಬೆನ್ನಿಗಿಟ್ಟುಕೋ, ಹತ್ತಿರವಾದ ಮೇಲೆ ಗುಂಡು ಹಾರಿಸು, ಶತ್ರುವಿನ ಮೇಲಿನ ಕಣ್ಣು ತೆಗೆಯಬೇಡ, ಇಂಥವು. ಎತ್ತರವನ್ನು ಬ್ಯಾಂಕಿನ ಠೇವಣಿಯೆಂದೂ ವೇಗವನ್ನು ಕೈಯಲ್ಲಿರುವ ನಗದೆಂದೂ ತಿಳಿದರೆ ಕಾಳಗದ ಲೆಕ್ಕ ಅರ್ಥವಾಗುತ್ತದೆ. ಪ್ರತಿ ತಿರುವೂ ಖರ್ಚು. ಮೊದಲು ದಿವಾಳಿಯಾದವನು ಸೋಲುತ್ತಾನೆ. ಆದರೂ ಪಳಗಲು ಸಮಯ ಬೇಕು. ವಿಯೆಟ್ನಾಂ ಯುದ್ಧದ ಅನುಭವದಿಂದ ಅಮೆರಿಕದ ವಾಯುಪಡೆ ಕಂಡುಕೊಂಡದ್ದೇನೆಂದರೆ, ಮೊದಲ ಹತ್ತು ಕಾರ್ಯಾಚರಣೆಗಳನ್ನು ದಾಟಿದವನು ಬದುಕುಳಿಯುವ ಸಾಧ್ಯತೆ ಬಹಳ ಹೆಚ್ಚು. ಆ ಹತ್ತನ್ನು ಸಾವಿಲ್ಲದೆ ದಾಟಿಸಲೆಂದೇ 1975ರಲ್ಲಿ ನೆವಾಡದಲ್ಲಿ 'ರೆಡ್ ಫ್ಲಾಗ್' ಅಣಕು ಯುದ್ಧ ಶುರುವಾಯಿತು. ನುರಿತವರೇ ಹತ್ತು ಸಲ ಎಡವಬಹುದಾದರೆ, ಮನೆಯಲ್ಲಿ ಕಲಿಯುವವನು ಮೂರನೆಯ ದಿನಕ್ಕೇ ಎದೆಗುಂದಬೇಕೇಕೆ?

ಕೊನೆಯದು ಆ ಏಡಿಯ ಗೆರೆ. ಇಂದಿನ ಆಟಗಳು ಇಡೀ ಹಾರಾಟವನ್ನು ದಾಖಲಿಸಿ ಮತ್ತೆ ತೋರಿಸುತ್ತವೆ. ಸೋತ ಕೂಡಲೆ ಹೊಸ ಆಟಕ್ಕೆ ಕೈ ಹಾಕುವವನಿಗಿಂತ, ಐದು ನಿಮಿಷ ಕುಳಿತು ತನ್ನ ಸೋಲನ್ನು ನೋಡುವವನು ಬೇಗ ಮುಂದೆ ಹೋಗುತ್ತಾನೆ.

ಮೆಟ್ಟಿಲು ತಪ್ಪಿದರೆ ಏನಾಗುತ್ತದೆ ಎಂಬುದು ಭಾರತಕ್ಕೆ ಹೊಸ ವಿಷಯವಲ್ಲ. ವಾಯುಪಡೆಯ ಎಷ್ಟೋ ತರುಣರು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ, ಗಂಟೆಗೆ 700 ಕಿ.ಮೀ. ಆಸುಪಾಸಿನ ಕಿರಣ್‌ನಂಥ ವಿಮಾನಗಳಲ್ಲಿ ಕಲಿತು, 2000 ಕಿ.ಮೀ. ಮೀರುವ ಮಿಗ್-21ಕ್ಕೆ ಹೋಗಬೇಕಿತ್ತು. ಅಪಘಾತಗಳಿಗೆ ಕಾರಣಗಳು ಹಲವು. ಆದರೆ ನಡುವಣ ಮೆಟ್ಟಿಲಿನ ಕೊರತೆಯೂ ಒಂದು ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. ಆ ಮೆಟ್ಟಿಲು, ಎಂದರೆ ಹಾಕ್ ತರಬೇತಿ ವಿಮಾನ, ಬೀದರ್‌ನ ವಾಯುನೆಲೆಗೆ ಬಂದದ್ದು 2008ರಲ್ಲಿ. ಮಿಗ್-21 ನಿವೃತ್ತವಾದದ್ದು 2025ರಲ್ಲಿ.

ಮೇಜಿನ ಮೇಲಿನ ಆಟದಲ್ಲಿ ಮೈ ಹಿಂಡುವ ಒತ್ತಡವಿಲ್ಲ, ಪ್ರಾಣಭಯವಿಲ್ಲ. ಅದರಲ್ಲಿ ಗೆದ್ದವನು ಪೈಲಟ್ ಆಗಿಬಿಡುವುದಿಲ್ಲ. ಆದರೆ ಸ್ಟಾಲ್ ಎಂದರೇನು, ಪಟ್ಟಿ ಏಕೆ, ಬೋಲ್ಕೆಯ ನಿಯಮ ಏಕೆ ಎಂದು ಒಂದೊಂದಾಗಿ ಕಲಿತವನಿಗೆ, ಅವನ್ನು ಮೊದಲು ಕಲಿತವರು ಏನು ತೆತ್ತರು ಎಂಬ ಅರಿವಾದರೂ ಬಂದೀತು. ನಿಯಮ ಬರೆದ ಬೋಲ್ಕೆಯೇ ಅದೇ ವರ್ಷದ ಅಕ್ಟೋಬರಿನಲ್ಲಿ, ಕಾಳಗದ ನಡುವೆ ತನ್ನದೇ ದಳದ ವಿಮಾನ ತಾಗಿ, 25ರ ಹರೆಯದಲ್ಲಿ ಸತ್ತ. ಅವನಿಗೆ ಎರಡನೆಯ ಸಲ ಆಡುವ ಅವಕಾಶವಿರಲಿಲ್ಲ.